ಈ ಮಾತು ಯಾರದು? ಮಕ್ಕಳಿಗೆ ಕೃತಿಸ್ವಾಮ್ಯವನ್ನು ತಿಳಿಸುವ ಬಗೆ

ಕಳೆದ ಬೇಸಿಗೆಯ ಸೂಟಿಯಲ್ಲಿ ಹುಕ್ಕೇರಿ ತಾಲೂಕಿನ ಮಠವೊಂದರಲ್ಲಿ ಮಕ್ಕಳ ಸಂಸ್ಕಾರ ಶಿಬಿರ ನಡೆಯಿತು. ವಚನಗಳ ಪಾಠ ಹೇಳಲು ನನ್ನನ್ನು ಬರಮಾಡಿಕೊಂಡಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಮಕ್ಕಳು ಅಲ್ಲಿ ನೆರೆದಿದ್ದರು. ಮೊದಲನೆಯ ದಿನ ಅಣ್ಣ ಬಸವಣ್ಣನವರ ಒಂದು ವಚನವನ್ನು ಕೊಟ್ಟು, ಅದರ ಭಾವಾರ್ಥವನ್ನು ತಮ್ಮ ತಮ್ಮ ಮಾತಿನಲ್ಲಿ ಬರೆದು ತರಬೇಕೆಂದು ಹೇಳಿದೆ. ಮರುದಿನ ಬಂದ ಹಾಳೆಗಳನ್ನು ನೋಡಿದರೆ ಹನ್ನೊಂದು ಮಕ್ಕಳ ಭಾವಾರ್ಥ ಅಕ್ಷರಕ್ಕೆ ಅಕ್ಷರ ಒಂದೇ ಆಗಿತ್ತು. ನಡುವೆ ಬಿದ್ದಿದ್ದ ಒಂದು ಅಚ್ಚಿನ ತಪ್ಪು ಸಹ ಹನ್ನೊಂದರಲ್ಲಿಯೂ ಹಾಗೆಯೇ ಉಳಿದಿತ್ತು.

ಎಲ್ಲಿಂದ ತಂದಿರೆಂದು ಕೇಳಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಂಜದೆ ಎದ್ದು ನಿಂತಳು. "ನೆಟ್‌ನ್ಯಾಗ ಇತ್ರಿ ಅಜ್ಜಾರ. ವಚನ ಅಂದ್ರ ಎಲ್ಲಾರದೂ ಅಂತ ನಿನ್ನೆ ನೀವ ಹೇಳೀರಲ್ರಿ?"

ಆಕೆಯ ಮಾತಿನಲ್ಲಿ ಕುಯುಕ್ತಿ ಇರಲಿಲ್ಲ. ವಚನವು ಎಲ್ಲರದು ಎಂಬುದು ನಿಜ. ಆದರೆ ಆ ಭಾವಾರ್ಥವನ್ನು ಎಲ್ಲಿಯೋ ಒಬ್ಬರು ಕುಳಿತು, ಯೋಚಿಸಿ, ಬರೆದಿದ್ದಾರೆ. ಎಂಟು ನೂರು ವರ್ಷಗಳಿಗೂ ಹಿಂದಿನ ವಚನ ಬೇರೆ, ನಿನ್ನೆ ಮೊನ್ನೆ ಬರೆದ ಭಾವಾರ್ಥ ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿಯುವ ತಪ್ಪನ್ನು ಮಕ್ಕಳಿಗಿಂತ ಹೆಚ್ಚಾಗಿ ಹಿರಿಯರೇ ಮಾಡುತ್ತಾರೆ. ನಾನೂ ಮಾಡಿದ್ದೇನೆ, ಆ ವಿಷಯವನ್ನು ಕೊನೆಗೆ ನಿವೇದಿಸುತ್ತೇನೆ.

ಮಕ್ಕಳಿಗೆ ಕಾಯಿದೆಯ ಕಲಮುಗಳನ್ನು ಓದಿ ಹೇಳಿದರೆ ಆಕಳಿಸುತ್ತಾರೆ. ಆದ್ದರಿಂದ ಅವರಿಗೆ ಗೊತ್ತಿದ್ದ ದಾರಿಯಿಂದಲೇ ಹೊರಟೆ. 'ಕೂಡಲಸಂಗಮದೇವ' ಎಂದರೆ ಯಾರ ವಚನ? ಬಸವಣ್ಣನವರದೆಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. 'ಚೆನ್ನಮಲ್ಲಿಕಾರ್ಜುನ'? ಅಕ್ಕಮಹಾದೇವಿಯದು. 'ಗುಹೇಶ್ವರ'? ಅಲ್ಲಮಪ್ರಭುಗಳದು. 'ರಾಮನಾಥ' ಎಂದಾಗ ಕ್ಷಣಕಾಲ ತಡೆದು, ಹಿಂದಿನ ಸಾಲಿನಿಂದ ಜೇಡರ ದಾಸಿಮಯ್ಯನ ಹೆಸರು ಬಂದಿತು. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿ ಇರಿಸಿಕೊಂಡ ಧೀರನು. ಅಂಕಿತವು ಇಷ್ಟದೈವದ ಸ್ಮರಣೆಯೇ ಹೊರತು ಒಡೆತನದ ಮೊಹರು ಆಗಿರಲಿಲ್ಲ. ಆದರೂ ಅದರಿಂದಲೇ ಇಂದಿಗೂ ಯಾವ ಮಾತು ಯಾವ ಶರಣರದೆಂಬುದು ನಮಗೆ ತಿಳಿಯುತ್ತಿದೆ. ತಾಳೆಗರಿಯ ಲಿಪಿಕಾರರು ಊರೂರಿನಲ್ಲಿ ಕುಳಿತು ವಚನಗಳನ್ನು ನಕಲು ಮಾಡಿದರು. ಮಾಡದೆ ಇದ್ದಿದ್ದರೆ ನಮ್ಮ ಪಾಲಿಗೆ ವಚನಗಳೇ ಉಳಿಯುತ್ತಿರಲಿಲ್ಲ. ಅವರು ನಕಲು ಮಾಡುವಾಗ ಅಂಕಿತವನ್ನು ಕಾಯ್ದುಕೊಂಡು ಬಂದರು.

ಇಂದು ವಾಟ್ಸ್ಆ್ಯಪ್‌ನಲ್ಲಿ ಬೆಳಗಿನ ಶುಭಾಶಯದೊಡನೆ ಬರುವ ಎಷ್ಟೋ 'ಬಸವ ವಚನಗಳು' ಬಸವಣ್ಣನವರವಲ್ಲ. ಯಾರೋ ಹೊಸೆದ ಸಾಲಿಗೆ ಅಣ್ಣನವರ ಚಿತ್ರವನ್ನು ಅಂಟಿಸಿ ಬಿಟ್ಟಿರುತ್ತಾರೆ. ಇನ್ನೊಬ್ಬರ ಮಾತನ್ನು ತನ್ನದೆನ್ನುವುದು ಎಷ್ಟು ತಪ್ಪೋ, ತನ್ನ ಮಾತನ್ನು ಶರಣರ ತಲೆಗೆ ಕಟ್ಟುವುದೂ ಅಷ್ಟೇ ತಪ್ಪು. ಅಂಕಿತದ ವಿಷಯದಲ್ಲಿ ನಮ್ಮ ಸಮಾಜ ಎಷ್ಟು ಸೂಕ್ಷ್ಮವಾಗಿದೆ ಎಂಬುದಕ್ಕೆ 'ವಚನ ದೀಪ್ತಿ'ಯ ಪ್ರಕರಣವನ್ನು ನೆನೆದರೆ ಸಾಕು. ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದ್ದ ಆ ಗ್ರಂಥವನ್ನು ರಾಜ್ಯ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕ್ರಮವನ್ನು ಎತ್ತಿಹಿಡಿಯಿತು. ಅದು ಭಕ್ತರ ಭಾವನೆಗೆ ಸಂಬಂಧಿಸಿದ ಮೊಕದ್ದಮೆಯಾಗಿತ್ತು, ಕೃತಿಸ್ವಾಮ್ಯದ್ದಾಗಿರಲಿಲ್ಲ. ಏಕೆಂದರೆ ವಚನಗಳ ಮೇಲೆ ಇಂದು ಯಾರಿಗೂ ಕೃತಿಸ್ವಾಮ್ಯವಿಲ್ಲ.

ಹಾಗಾದರೆ ಕೃತಿಸ್ವಾಮ್ಯ ಎಂದರೇನು? ಒಬ್ಬರು ತಮ್ಮ ಬುದ್ಧಿಯಿಂದ ಬರೆದದ್ದನ್ನು, ಚಿತ್ರಿಸಿದ್ದನ್ನು, ಹಾಡಿದ್ದನ್ನು ಬೇರೆಯವರು ಅಚ್ಚುಹಾಕಬೇಕಾದರೆ, ಮಾರಬೇಕಾದರೆ, ಜಾಲತಾಣಕ್ಕೆ ಏರಿಸಬೇಕಾದರೆ ಅವರನ್ನು ಕೇಳಬೇಕು. ಇಷ್ಟೇ ಅದರ ತಿರುಳು. ನಮ್ಮ ದೇಶದಲ್ಲಿ ಇದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆ ಇದೆ. ಎಲ್ಲಿಯೂ ನೋಂದಣಿ ಮಾಡಿಸಬೇಕಾದ ಕಡ್ಡಾಯವಿಲ್ಲ. ಬರೆದ ಕ್ಷಣದಲ್ಲಿಯೇ ಹಕ್ಕು ಹುಟ್ಟುತ್ತದೆ. ಐದನೆಯ ತರಗತಿಯ ಬಾಲಕ ಬರೆದ ಕವಿತೆಗೂ ಅದು ಉಂಟು. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳಿದ್ದನ್ನು ನೋಡಬೇಕಾಗಿತ್ತು.

ಈ ಹಕ್ಕಿಗೆ ಅವಧಿಯೂ ಉಂಟು. ಬರೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ. ಇದನ್ನು ಕರಿಹಲಗೆಯ ಮೇಲೆ ಲೆಕ್ಕವಾಗಿಯೇ ಮಾಡಿಸಿದೆ. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು 1989ರಲ್ಲಿ ತೀರಿಕೊಂಡರು. ಅವರ ಕೃತಿಗಳ ಹಕ್ಕು 2049ರ ಕೊನೆಯವರೆಗೆ ಇರುತ್ತದೆ. ಅದೇ ತಾಲೂಕಿನ ಬೆಟಗೇರಿಯ ಆನಂದಕಂದರು, ಅಂದರೆ ಬೆಟಗೇರಿ ಕೃಷ್ಣಶರ್ಮರು, 1982ರಲ್ಲಿ ತೀರಿಕೊಂಡರು. ಅವರದು 2042ರ ಕೊನೆಯವರೆಗೆ. "ಫ.ಗು. ಹಳಕಟ್ಟಿಯವರದು?" ಎಂದು ಕೇಳಿ ಸುಮ್ಮನೆ ನಿಂತೆ. ಅವರು ಲಿಂಗೈಕ್ಯರಾದದ್ದು 1964ರಲ್ಲಿ. ಮೂಡಲಗಿಯ ಹುಡುಗನೊಬ್ಬ ಬೆರಳೆಣಿಸಿ, "2024ಕ್ಕ ಮುಗದೈತ್ರಿ!" ಎಂದು ಕೂಗಿದ.

ಮುಗಿದಿದೆ. 2025ರ ಜನವರಿ 1ರಿಂದ ಹಳಕಟ್ಟಿಯವರ ಸ್ವಂತ ಬರವಣಿಗೆ ನಾಡಿನ ಸ್ವತ್ತಾಗಿದೆ. ವಕೀಲಿ ವೃತ್ತಿಯ ಗಳಿಕೆಯನ್ನು ಬದಿಗಿರಿಸಿ, ಮನೆಮನೆ ತಿರುಗಿ ತಾಳೆಗರಿಗಳನ್ನು ಬೇಡಿ ತಂದು, 1923ರಲ್ಲಿ ನಮ್ಮ ಬೆಳಗಾವಿಯ ಮುದ್ರಣಾಲಯದಲ್ಲಿಯೇ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಅಚ್ಚುಹಾಕಿಸಿ, ಮುಂದೆ ಮನೆಯನ್ನೇ ಮಾರಿ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದ ಮಹನೀಯರವರು. ಅವರ ಬರವಣಿಗೆಯನ್ನು ಈಗ ಯಾರು ಬೇಕಾದರೂ ಅಚ್ಚುಹಾಕಬಹುದು, ಜಾಲತಾಣಕ್ಕೆ ಏರಿಸಬಹುದು. ಅವಧಿ ಮುಗಿಯಿತೆಂದು ಹಳಕಟ್ಟಿಯವರ ಹೆಸರನ್ನು ತೆಗೆದು ನಮ್ಮ ಹೆಸರನ್ನು ಹಾಕಿಕೊಳ್ಳಬಹುದೇ ಎಂದು ಕೇಳಿದೆ. ಯಾರೊಬ್ಬರೂ ಕೈ ಎತ್ತಲಿಲ್ಲ. ಅನುಮತಿ ಕೇಳುವುದು ಒಂದು, ಹೆಸರು ಹೇಳುವುದು ಇನ್ನೊಂದು ಎಂಬುದು ಮಕ್ಕಳಿಗೆ ತಿಳಿದದ್ದು ಆ ಹೊತ್ತಿನಲ್ಲಿ.

ಹಾಡಿನ ಮಾತು ಬಂದಾಗ ಸ್ವಲ್ಪ ತೊಡಕಾಯಿತು. ಮಲ್ಲಿಕಾರ್ಜುನ ಮನಸೂರರು ಹಾಡಿದ ಅಕ್ಕನ ವಚನ ಯಾರದು? ಸಾಹಿತ್ಯವೇನೋ ಎಲ್ಲರದು. ಆದರೆ ಸಂಯೋಜನೆಗೆ ಸಂಯೋಜಕರ ಹಕ್ಕು, ಗಾಯನಕ್ಕೆ ಗಾಯಕರ ಹಕ್ಕು, ಧ್ವನಿಮುದ್ರಿಕೆಗೆ ಅದನ್ನು ಹೊರತಂದ ಕಂಪನಿಯ ಹಕ್ಕು. ಧ್ವನಿಮುದ್ರಿಕೆ ಪ್ರಕಟವಾದ ವರ್ಷದ ನಂತರ 60 ವರ್ಷ ಆ ಹಕ್ಕು ಇರುತ್ತದೆ. ಅದೇ ವಚನವನ್ನು ಮಗು ತಾನೇ ರಾಗ ಕಟ್ಟಿ ಹಾಡಿ ಏರಿಸಿದರೆ ಯಾರ ಅಡ್ಡಿಯೂ ಇಲ್ಲ. ಹಾಡಲು ಬರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ?

ಮೂಡಲಗಿಯ ಆ ಲೆಕ್ಕದ ಹುಡುಗನೇ ಇನ್ನೊಂದು ಪ್ರಸಂಗವನ್ನು ಹೇಳಿದ. ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟವಾದಾಗ ಅದನ್ನು ರಾತ್ರಿಯಿಡೀ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದ್ದನಂತೆ. ಆ ಸೀಮೆಗೆ ಪಾರಿಜಾತವೆಂದರೆ ಮನೆಯ ಆಸ್ತಿ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟವಾಗಿ ಬೆಳೆಸಿ ಊರೂರಿಗೆ ಮುಟ್ಟಿಸಿದ ಕುಲಗೋಡ ತಮ್ಮಣ್ಣ ಅಲ್ಲಿಯವನು. ಕೌಜಲಗಿ ನಿಂಗಮ್ಮನೂ ಆ ನೆಲದವಳೇ. ಪದಗಳು ಹಳೆಯವು, ಅವುಗಳಿಗೆ ಯಾರ ತಡೆಯೂ ಇಲ್ಲ. ಆದರೆ ಆ ರಾತ್ರಿ ಬಣ್ಣ ಹಚ್ಚಿಕೊಂಡು ಕುಣಿದವರ ಅಭಿನಯ ಅವರದು. ಕಲಾವಿದರ ಪ್ರದರ್ಶನವನ್ನು ಅವರ ಒಪ್ಪಿಗೆಯಿಲ್ಲದೆ ಮುದ್ರಿಸಿ ಹಂಚುವಂತಿಲ್ಲವೆಂದು ನಮ್ಮ ಕಾಯಿದೆ ಹೇಳುತ್ತದೆ. ಆ ಹಕ್ಕು 50 ವರ್ಷದವರೆಗೆ ಇರುತ್ತದೆ. ಮೇಳದವರು ಬದುಕುವುದು ಊರಿನವರು ಕೊಡುವ ವೀಳ್ಯದಿಂದ. ಇಡೀ ಆಟವು ಪುಕ್ಕಟೆಯಾಗಿ ಮೊಬೈಲಿನಲ್ಲಿ ಸಿಕ್ಕರೆ ಮುಂದಿನ ವರ್ಷ ಅವರನ್ನು ಯಾರು ಕರೆಸಿಯಾರು? ಹುಡುಗ ತಲೆ ತಗ್ಗಿಸಿದ. ಅಂಜಿಸುವುದು ನನ್ನ ಉದ್ದೇಶವಾಗಿರಲಿಲ್ಲ. "ಭಾಗವತರಿಗೆ ಒಂದು ಮಾತ ಕೇಳು; 'ಹತ್ತು ನಿಮಿಷದ್ದ ಇರಲಿ, ನಮ್ಮ ಹೆಸರೂ ಫೋನ್ ನಂಬರೂ ಹಾಕು' ಅಂದಾರು" ಎಂದೆ. ಶಿಬಿರ ಮುಗಿಯುವುದರೊಳಗೆ ಆತ ಹೋಗಿ ಕೇಳಿ ಬಂದಿದ್ದ. ಭಾಗವತರು ಒಪ್ಪಿದ್ದರು, ಆದರೆ ಹತ್ತಲ್ಲ, ಐದೇ ನಿಮಿಷ!

ಯಾವುದಕ್ಕೆ ಒಡೆತನವಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು, ಇಲ್ಲದಿದ್ದರೆ ಅವರು ಪೆನ್ನು ಹಿಡಿಯುವುದಕ್ಕೇ ಅಂಜುತ್ತಾರೆ. ಗೋಕಾಕದ ಕರದಂಟನ್ನು ಮಾಡುವ ಬಗೆ ಯಾರೊಬ್ಬರ ಬರವಣಿಗೆಯ ಸ್ವತ್ತೂ ಅಲ್ಲ. ಬೆಲ್ಲ, ಅಂಟು, ಒಣಹಣ್ಣು ಸೇರಿಸಿ ಯಾರೂ ಮಾಡಬಹುದು. ಆದರೆ ಅದನ್ನು ಕುರಿತು ಒಬ್ಬರು ಬರೆದ ಲೇಖನವನ್ನು ಇದ್ದಕ್ಕಿದ್ದಂತೆ ಎತ್ತಿಕೊಳ್ಳುವಂತಿಲ್ಲ. ಗೋಕಾಕದ ಜಲಪಾತ ಎಲ್ಲರದು. ಮಳೆಗಾಲದಲ್ಲಿ ನೆನೆಯುತ್ತ ನಿಂತು ತೆಗೆದ ಅದರ ಫೋಟೋ ತೆಗೆದವರದು. ವಿಚಾರವನ್ನು ಯಾರೂ ಬೇಲಿ ಹಾಕಿ ಇಟ್ಟುಕೊಳ್ಳಲಾಗದು. ಕಾಯಿದೆ ಕಾಯುವುದು ಆ ವಿಚಾರವನ್ನು ಹೇಳಿದ ಮಾತುಗಳನ್ನು ಮಾತ್ರ.

ಕಾಯಿದೆಯೂ ನಿರ್ದಯವಾದುದಲ್ಲ. ಸ್ವಂತ ಅಭ್ಯಾಸಕ್ಕಾಗಿ ವಿದ್ಯಾರ್ಥಿಯು ಪುಸ್ತಕದ ಭಾಗವನ್ನು ಬರೆದುಕೊಳ್ಳಬಹುದು. ಗುರುಗಳು ಪಾಠಕ್ಕೆ, ಪ್ರಶ್ನೆಪತ್ರಿಕೆಗೆ ಬಳಸಬಹುದು. ವಿಮರ್ಶೆ ಮಾಡುವಾಗ ಕೆಲವು ಸಾಲುಗಳನ್ನು ಉದ್ಧರಿಸಬಹುದು. ಹವ್ಯಾಸಿ ತಂಡದವರು ಟಿಕೆಟ್ಟಿಲ್ಲದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ನಾಟಕವಾಡಬಹುದು. ನಮ್ಮ ಜಾತ್ರೆಯ ನಾಟಕಗಳಿಗೆ ಇದು ದೊಡ್ಡ ಆಸರೆ. ಆದರೆ ಜಾತ್ರೆಯ ರಂಗದ ಮೇಲೆ ಆಡಲು ಸಿಕ್ಕ ಈ ರಿಯಾಯಿತಿ ಆ ನಾಟಕದ ವಿಡಿಯೋವನ್ನು ಜಗತ್ತಿಗೆಲ್ಲ ಹಂಚುವುದಕ್ಕೆ ಸಿಗುವುದಿಲ್ಲ. ನಮ್ಮ ಯುವಕ ಸಂಘಗಳು ಇದನ್ನು ಗಮನಿಸುವುದು ಲೇಸು. ತಾವಾಗಿಯೇ ಬಾಗಿಲು ತೆರೆದಿಟ್ಟವರೂ ಇದ್ದಾರೆ. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಮನೆಯವರು 2014ರಲ್ಲಿ ಮುಕ್ತ ಪರವಾನಗಿಯಡಿ ನಾಡಿಗೆ ಬಿಟ್ಟುಕೊಟ್ಟರು. ಕನ್ನಡ ವಿಕಿಪೀಡಿಯದ ಲೇಖನಗಳೂ ಅಂಥ ಪರವಾನಗಿಯಡಿಯೇ ಇವೆ: ತೆಗೆದುಕೊಳ್ಳಿರಿ, ಮೂಲವನ್ನು ಹೇಳಿರಿ, ನೀವು ತಿದ್ದಿ ಬೆಳೆಸಿದ್ದನ್ನೂ ಇದೇ ಷರತ್ತಿನ ಮೇಲೆ ಇತರರಿಗೆ ಕೊಡಿರಿ.

ಇನ್ನು ಜಾಲತಾಣಗಳ ನಿಯಮಗಳು. ಖಾತೆ ತೆರೆಯುವಾಗ ಮಾರುದ್ದದ ಬರಹವೊಂದು ಬರುತ್ತದೆ, ಕೊನೆಯಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿ ಇರುತ್ತದೆ. ಓದದೆ ಅದನ್ನು ಒತ್ತುವುದು ಖಾಲಿ ಕಾಗದಕ್ಕೆ ಸಹಿ ಹಾಕಿದಂತೆ ಎಂದು ಒಕ್ಕಲುತನದ ಮನೆಯ ಮಕ್ಕಳಿಗೆ ಹೇಳಿದರೆ ಬೇಗ ತಿಳಿಯುತ್ತದೆ. ಪ್ರಸಾದ ನಿಲಯದ ಗೋಡೆಗೆ ತೂಗುಹಾಕಿದ ನಿಯಮಗಳ ಹಲಗೆಯಂತೆಯೇ ಅದೂ ಇದೆ: ಯಾರು ಒಳಗೆ ಬರಬಹುದು, ಬಂದವರು ಹೇಗಿರಬೇಕು, ತಪ್ಪಿದರೆ ಏನು. ಮಕ್ಕಳು ಅದರಲ್ಲಿ ವಿಶೇಷವಾಗಿ ಹುಡುಕಬೇಕಾದ ಮಾತು ಒಂದಿದೆ. ನಾವು ಏರಿಸಿದ ಚಿತ್ರ ಅಥವಾ ಬರಹದ ಒಡೆತನ ನಮ್ಮದಾಗಿಯೇ ಉಳಿದರೂ, ಅದನ್ನು ತೋರಿಸಲು, ನಕಲಿಸಲು, ಬಳಸಲು ಆ ಕಂಪನಿಗೆ ನಾವು ಅನುಮತಿ ಕೊಟ್ಟಂತಾಗುತ್ತದೆ. ಅವ್ವನ ಫೋಟೋವನ್ನಾಗಲಿ ತಂಗಿಯ ಫೋಟೋವನ್ನಾಗಲಿ ಏರಿಸುವ ಮೊದಲು ಅವರನ್ನು ಕೇಳಿದೆನೇ ಎಂದು ಯೋಚಿಸಬೇಕು.

ವಯಸ್ಸಿನ ಮಾತು ಪಾಲಕರಿಗೆ ಸೇರಿದ್ದು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕೆಂದು ಅವುಗಳ ನಿಯಮವಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ವಿವರಗಳನ್ನು ಪಡೆಯಲು ತಂದೆತಾಯಿಯರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಹತ್ತು ವರ್ಷದ ಮಗನ ಹುಟ್ಟಿದ ವರ್ಷವನ್ನು ತಂದೆಯೇ ಹಿಂದಕ್ಕೆ ಸರಿಸಿ ಖಾತೆ ತೆರೆದುಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅನಂತರ ಅದೇ ಮಗನು ಸುಳ್ಳು ಹೇಳಿದನೆಂದು ಬೆತ್ತ ಹಿಡಿಯುವವನೂ ಆ ತಂದೆಯೇ.

ಕೊನೆಯ ದಿನ ಮಕ್ಕಳಿಗೆ ನನ್ನ ತಪ್ಪನ್ನು ಹೇಳಿದೆ. 1987ರಲ್ಲಿ ಜಾತ್ರೆಯೊಂದರ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಕೇಳಿದಾಗ, ಪಾಠಶಾಲೆಯಲ್ಲಿ ನನಗೆ ಕಲಿಸಿದ ಗುರುಗಳು ಕೈಯಾರೆ ಬರೆದುಕೊಟ್ಟಿದ್ದ ವಚನ ವ್ಯಾಖ್ಯಾನದ ವಹಿಯಿಂದ ನಾಲ್ಕು ಪುಟಗಳನ್ನು ಇಳಿಸಿಕೊಂಡು ನನ್ನ ಹೆಸರಿನಲ್ಲಿ ಕೊಟ್ಟೆ. ಕಲಿತದ್ದು ನನ್ನದೇ ಅಲ್ಲವೇ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ಗುರುಗಳು ಜಾತ್ರೆಗೆ ಬಂದರು. ಸಂಚಿಕೆಯನ್ನು ತೆರೆದು ಪೂರ್ಣ ಓದಿದರು. "ಅಕ್ಷರ ಛಲೋ ಬಿದ್ದಾವ" ಎಂದಷ್ಟೇ ನುಡಿದು ಪ್ರಸಾದಕ್ಕೆ ಎದ್ದರು. 1996ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತರಗತಿ ಸ್ತಬ್ಧವಾಗಿತ್ತು. ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿಯೇ ಮತ್ತೆ ಎದ್ದಳು. "ಆಮ್ಯಾಲ ಅವರ ಹೆಸರ ಹಾಕೀರೇನ್ರಿ ಅಜ್ಜಾರ?"

ಹಾಕಿರಲಿಲ್ಲ. ಆ ವಹಿ ಇಂದಿಗೂ ನನ್ನ ಕಪಾಟಿನಲ್ಲಿದೆ, ಹಾಳೆಗಳು ಹಳದಿಗೆ ತಿರುಗಿವೆ. ಅದರ ಹಕ್ಕು ಇಂದಿಗೂ ಗುರುಗಳ ಮಕ್ಕಳದು. ಶಿಬಿರದಿಂದ ಮರಳಿದ ವಾರದಲ್ಲಿಯೇ ಅವರಿಗೆ ಪತ್ರ ಬರೆದೆ. ನಡೆದದ್ದನ್ನು ತಿಳಿಸಿ, ವಹಿಯನ್ನು ಗುರುಗಳ ಹೆಸರಿನಲ್ಲಿ ಅಚ್ಚುಹಾಕಿಸಲು ಅಪ್ಪಣೆ ಬೇಡಿದೆ. ಹಿರಿಯ ಮಗನಿಂದ ಉತ್ತರ ಬಂದಿದೆ. ವಹಿಯನ್ನು ಒಮ್ಮೆ ತಂದು ತೋರಿಸಬೇಕಂತೆ, ಅಪ್ಪನ ಕೈಬರಹವನ್ನು ನೋಡಿ ಬಹಳ ದಿನಗಳಾದವಂತೆ. ಬರುವ ಸೋಮವಾರ ಹೊರಡುವವನಿದ್ದೇನೆ.