ಅಮೂರ್ತ ಚಿತ್ರಕಲೆ: ಅದರ ಹುಟ್ಟು, ಅದರ ಸೊಗಸು

ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳ ಚಾವಡಿಯಲ್ಲಿ ರವಿವರ್ಮನ ಲಕ್ಷ್ಮಿಯನ್ನೋ ಸರಸ್ವತಿಯನ್ನೋ ಕಾಣದವರು ವಿರಳ. ಚಿತ್ರವೆಂದರೆ ಹೀಗಿರಬೇಕೆಂಬ ನಮ್ಮ ತೀರ್ಮಾನಕ್ಕೆ ಬಹುಮಟ್ಟಿಗೆ ಆ ಚಿತ್ರಪಟಗಳೇ ತಳಹದಿ. ಸೀರೆಯ ನೆರಿಗೆ ನೆರಿಗೆಯಂತೆಯೇ ಕಾಣಬೇಕು, ತಾವರೆ ತಾವರೆಯಂತೆಯೇ ಇರಬೇಕು. ನೋಡಿದ ಕೂಡಲೇ ‘ಇದು ಇಂಥದು’ ಎಂದು ಹೇಳಲು ಬರಬೇಕು. ಈ ಅಪೇಕ್ಷೆಯಲ್ಲಿ ತಪ್ಪೇನೂ ಇಲ್ಲ. ಆದರೆ ಇದೊಂದನ್ನೇ ಹೊತ್ತುಕೊಂಡು ಕಲಾಪ್ರದರ್ಶನಕ್ಕೆ ಹೋದ ನಾವು, ಬರಿಯ ಗೆರೆ, ಬರಿಯ ಚೌಕ, ಬಣ್ಣದ ಬರಿಯ ಹರವು ಇವಿಷ್ಟೇ ಇರುವ ಪಟವೊಂದರ ಮುಂದೆ ನಿಂತಾಗ, ‘ಇದೇನು ಚಿತ್ರ? ಒಂದನೆಯ ತರಗತಿಯ ಹುಡುಗನೂ ಗೀಚಿಯಾನು’ ಎಂದು ನಕ್ಕು ಮುಂದೆ ಸಾಗುತ್ತೇವೆ. ಅಮೂರ್ತ ಚಿತ್ರವೆಂದರೆ ಇದೇ: ಯಾವ ವಸ್ತುವಿನ ಹೋಲಿಕೆಯನ್ನೂ ಕೊಡದೆ, ಗೆರೆ, ಬಣ್ಣ, ಆಕಾರಗಳ ಪರಸ್ಪರ ಸಂಬಂಧದಿಂದಲೇ ನಿಲ್ಲುವ ಚಿತ್ರ. ಅದನ್ನು ಮೆಚ್ಚಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸಲಾರೆ. ಆದರೆ ನಗುವ ಮುನ್ನ ಅದು ಎಲ್ಲಿಂದ ಬಂದಿತೆಂಬುದನ್ನು ತಿಳಿಯುವುದು ಒಳ್ಳೆಯದು.

ರವಿವರ್ಮನು ತೀರಿಕೊಂಡುದು 1906ರ ಅಕ್ಟೋಬರಿನಲ್ಲಿ. ಅದರ ಮರುತಿಂಗಳೇ ದೂರದ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಹಿಲ್ಮಾ ಆಫ್ ಕ್ಲಿಂಟ್ ಎಂಬ ನಲವತ್ತನಾಲ್ಕು ವಯಸ್ಸಿನ ಮಹಿಳೆ, ಯಾವ ವಸ್ತುವನ್ನೂ ಹೋಲದ ಸುರುಳಿಗಳನ್ನೂ ಬಣ್ಣದ ವಲಯಗಳನ್ನೂ ಬರೆಯತೊಡಗಿದಳು. ಈಕೆ ಚಿತ್ರ ಬರೆಯಲು ಬಾರದವಳಲ್ಲ. ರಾಜಧಾನಿಯ ಕಲಾ ಅಕಾಡೆಮಿಯಲ್ಲಿ ಕ್ರಮವಾಗಿ ಕಲಿತವಳು. ನಿಸರ್ಗದೃಶ್ಯ, ಭಾವಚಿತ್ರ, ಸಸ್ಯಗಳ ಸೂಕ್ಷ್ಮಚಿತ್ರ ಇವುಗಳಿಂದಲೇ ಜೀವನ ಸಾಗಿಸುತ್ತಿದ್ದವಳು. ನಾಲ್ವರು ಗೆಳತಿಯರೊಡನೆ ಕೂಡಿ ಧ್ಯಾನ, ಪ್ರಾರ್ಥನೆ, ಅತೀಂದ್ರಿಯ ಅನ್ವೇಷಣೆಗಳಲ್ಲಿ ತೊಡಗಿದ್ದ ಆಕೆಗೆ, ಕಣ್ಣಿಗೆ ಕಾಣುವುದಷ್ಟನ್ನೇ ಬರೆದರೆ ಸಾಲದೆನಿಸಿತು. 1907ರಲ್ಲಿ ಮೂರು ಮೀಟರಿಗೂ ಮಿಕ್ಕಿ ಎತ್ತರವುಳ್ಳ ಹತ್ತು ಚಿತ್ರಗಳನ್ನು ಕೆಲವೇ ವಾರಗಳಲ್ಲಿ ಮುಗಿಸಿದಳು. ಈ ಮಾಲಿಕೆ 1915ರ ವೇಳೆಗೆ 193 ಚಿತ್ರಗಳಿಗೆ ಬೆಳೆಯಿತು. ಆದರೆ ಲೋಕ ಇವನ್ನು ನೋಡಲು ಸಿದ್ಧವಾಗಿಲ್ಲವೆಂದು ಅವಳ ನಂಬಿಕೆ. ತಾನು ಸತ್ತ ಇಪ್ಪತ್ತು ವರ್ಷಗಳವರೆಗೆ ಇವನ್ನು ಯಾರಿಗೂ ತೋರಿಸಕೂಡದೆಂದು ತಿಳಿಸಿ, ಎಲ್ಲವನ್ನೂ ತನ್ನ ಸೋದರನ ಮಗನಿಗೆ ಬಿಟ್ಟು 1944ರಲ್ಲಿ ತೀರಿಕೊಂಡಳು. ಹೊರಜಗತ್ತು ಅವನ್ನು ಕಂಡುದು 1986ರಲ್ಲಿ, ಲಾಸ್ ಏಂಜಲೀಸ್ ನಗರದ ಪ್ರದರ್ಶನವೊಂದರಲ್ಲಿ. 2018ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯ ಅವಳ ಕೃತಿಗಳನ್ನು ಪ್ರದರ್ಶಿಸಿದಾಗ ಆರು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಬದುಕಿದ್ದಾಗ ಪ್ರಶಂಸೆ ಬೇಡವೆಂದು ಬೀಗ ಹಾಕಿಟ್ಟು ಹೋದವರು ಕಲೆಯ ಚರಿತ್ರೆಯಲ್ಲಿ ಎಷ್ಟು ಮಂದಿ ಸಿಕ್ಕಾರು!

ಆ ಕಾಲದ ಯುರೋಪಿನಲ್ಲಿ ಇಂತಹ ಚಡಪಡಿಕೆ ಅವಳೊಬ್ಬಳದೇ ಆಗಿರಲಿಲ್ಲ. ಕ್ಯಾಮರಾ ಬಂದು ಆರೇಳು ದಶಕಗಳಾಗಿದ್ದುವು. ಹೋಲಿಕೆ ಹಿಡಿಯುವ ಕೆಲಸದಲ್ಲಿ ಕುಂಚ ಅದರೊಡನೆ ಸ್ಪರ್ಧಿಸುವಂತಿರಲಿಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಇದು ಅರ್ಧ ಸತ್ಯವೆಂದೇ ತೋರುತ್ತದೆ. ಉಳಿದ ಅರ್ಧ ಬೇರೆಡೆಯಲ್ಲಿದೆ. 1895ರಲ್ಲಿ ಕ್ಷಕಿರಣ ಪತ್ತೆಯಾಗಿ, ಕೈಯ ಒಳಗಿನ ಎಲುಬು ಹೊರಗೆ ಕಾಣುವಂತಾಯಿತು. ಗಟ್ಟಿ ಎಂದುಕೊಂಡುದು ಗಟ್ಟಿಯಲ್ಲವೆಂದಾಯಿತು. ಅತ್ತ 1882ರಿಂದ ಮದರಾಸಿನ ಅಡ್ಯಾರಿನಲ್ಲಿ ಕೇಂದ್ರ ಕಚೇರಿಯನ್ನಿಟ್ಟುಕೊಂಡಿದ್ದ ಥಿಯಾಸಫಿಕಲ್ ಸೊಸೈಟಿಯ ವಿಚಾರಗಳು ಯುರೋಪಿನ ಕಲಾವಿದರ ನಡುವೆ ಹರಡಿದ್ದುವು. ಆನಿ ಬೆಸಂಟರೂ ಲೆಡ್‌ಬೀಟರರೂ ಸೇರಿ 1905ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಕೋಪ, ಭಕ್ತಿ, ಸಂಗೀತ ಮುಂತಾದುವಕ್ಕೆಲ್ಲ ಬಣ್ಣ ಮತ್ತು ಆಕಾರಗಳನ್ನು ಕೊಟ್ಟ ಚಿತ್ರಗಳಿದ್ದುವು. ಅದರ ತತ್ತ್ವವನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟ ವಿಷಯ. ಕಾಣದುದಕ್ಕೂ ಆಕಾರ ಕೊಡಬಹುದೆಂಬ ಧೈರ್ಯ ಆ ಕಲಾವಿದರಿಗೆ ದೊರಕಿದುದರಲ್ಲಿ ಇದರ ಪಾಲೂ ಇದೆಯೆಂಬುದಂತೂ ನಿಜ.

ಆ ಧೈರ್ಯ ಮಾಡಿದವರಲ್ಲಿ ವಾಸಿಲಿ ಕಾಂಡಿನ್‌ಸ್ಕಿಯ ಹೆಸರು ಮೊದಲು ಬರುತ್ತದೆ. 1866ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಈತ ಓದಿದುದು ಕಾನೂನು. 1896ರಲ್ಲಿ ಮಾಸ್ಕೋದಲ್ಲಿ ನಡೆದ ಫ್ರೆಂಚ್ ಚಿತ್ರಪ್ರದರ್ಶನದಲ್ಲಿ ಮೋನೆ ಬರೆದ ಹುಲ್ಲುಬಣವೆಯ ಚಿತ್ರವೊಂದನ್ನು ನೋಡಿದಾಗ, ಅದು ಹುಲ್ಲುಬಣವೆಯೆಂದು ಅವನಿಗೆ ಗೊತ್ತಾದುದು ಪ್ರದರ್ಶನದ ಪಟ್ಟಿಯನ್ನು ಓದಿದ ಮೇಲೆ. ಮೊದಲು ಸಿಟ್ಟು ಬಂದಿತು. ಆಮೇಲೆ ನೋಡಿದರೆ ಆ ಚಿತ್ರ ಮನಸ್ಸನ್ನು ಬಿಟ್ಟು ಕದಲದು. ಅದೇ ವರ್ಷ ಕಾನೂನಿನ ಅಧ್ಯಾಪಕ ಹುದ್ದೆಯನ್ನು ಒಲ್ಲೆನೆಂದು, ಮೂವತ್ತರ ವಯಸ್ಸಿನಲ್ಲಿ ಚಿತ್ರಕಲೆ ಕಲಿಯಲು ಮ್ಯೂನಿಕ್ ನಗರಕ್ಕೆ ಹೊರಟುಬಿಟ್ಟ. ಅಲ್ಲಿ ಒಂದು ಸಂಜೆ ಮಬ್ಬಿನಲ್ಲಿ ಕೋಣೆಗೆ ಮರಳಿದಾಗ, ಗೋಡೆಗೆ ಒರಗಿದ್ದ ಪಟವೊಂದು ಅಪೂರ್ವವಾಗಿ ಬೆಳಗುತ್ತಿದ್ದುದನ್ನು ಕಂಡು ಬೆರಗಾದನಂತೆ. ಹತ್ತಿರ ಹೋಗಿ ನೋಡಿದರೆ ಅದು ಅವನದೇ ಚಿತ್ರ, ಅಡ್ಡಲಾಗಿ ಇಟ್ಟದ್ದು! ಮರುದಿನ ಹಗಲಿನಲ್ಲಿ ಎಷ್ಟು ಪ್ರಯತ್ನಿಸಿದರೂ ಆ ಅನುಭವ ಮರಳಲಿಲ್ಲ, ಏಕೆಂದರೆ ಅದರಲ್ಲಿದ್ದ ವಸ್ತುಗಳ ಗುರುತು ಹತ್ತುತ್ತಿತ್ತು. ವಸ್ತುಗಳೇ ತನ್ನ ಚಿತ್ರಕ್ಕೆ ತೊಡಕೆಂದು ಅಂದು ತಿಳಿಯಿತೆಂದು 1913ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಅವನೇ ಹೇಳಿಕೊಂಡಿದ್ದಾನೆ. ಹಾಗೆಂದು ಮರುದಿನವೇ ವಸ್ತುಗಳನ್ನು ಕೈಬಿಡಲಿಲ್ಲ. ಅದಕ್ಕೆ ವರ್ಷಗಳೇ ಹಿಡಿದುವು.

ಆದರೆ ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಯಸುವವರು ಹಾಲೆಂಡಿನ ಪೀಟ್ ಮಾಂಡ್ರಿಯನ್‌ನ ಬಳಿಗೆ ಹೋಗಬೇಕು. ಅವನಲ್ಲಿ ನನಗೆ ಸ್ವಲ್ಪ ಪಕ್ಷಪಾತವುಂಟು. ಅವನ ತಂದೆ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯರು. ಅವನೂ ಚಿತ್ರಕಲಾ ಶಿಕ್ಷಕನಾಗಲು ಬೇಕಾದ ಪರೀಕ್ಷೆಗಳನ್ನು ಮುಗಿಸಿದವನು. 1908ರ ಸುಮಾರಿಗೆ ಅವನು ಆರಂಭಿಸಿದ ಕೆಂಪು ಮರದ ಚಿತ್ರವೊಂದಿದೆ: ನೀಲಿಯ ಹಿನ್ನೆಲೆಯಲ್ಲಿ ಎಲೆಯುದುರಿದ ಮರ ಉರಿಯುವಂತೆ ನಿಂತಿದೆ. ಬಣ್ಣ ಅಸಹಜವಾದರೂ ಮರ ಮರವೇ. 1911ರ ಬೂದು ಮರದಲ್ಲಿ ಬಣ್ಣ ಅಡಗಿ, ಕೊಂಬೆಗಳ ಬಾಗು ಮಾತ್ರ ಉಳಿದಿದೆ; ಕೊಂಬೆ ಯಾವುದು, ಕೊಂಬೆಗಳ ನಡುವಣ ತೆರಪು ಯಾವುದು ಎಂಬ ಭೇದ ಕರಗತೊಡಗಿದೆ. 1912ರ ಹೂಬಿಟ್ಟ ಸೇಬಿನ ಮರಕ್ಕೆ ಬಂದರೆ, ಹೆಸರು ಹೇಳದಿದ್ದರೆ ಅದು ಮರವೆಂದು ತಿಳಿಯುವುದೇ ಕಷ್ಟ. ಕಮಾನುಗೆರೆಗಳ ಒಂದು ನೇಯ್ಗೆಯಷ್ಟೇ ಕಾಣುತ್ತದೆ. ಮುಂದೆ ಆ ಕಮಾನುಗಳೂ ನೆಟ್ಟಗಾಗಿ, 1920ರ ಹೊತ್ತಿಗೆ ಅಡ್ಡ ಮತ್ತು ಲಂಬ ಕಪ್ಪುಗೆರೆ, ಕೆಂಪು, ಹಳದಿ, ನೀಲಿ, ಬಿಳಿ ಎಂಬಷ್ಟಕ್ಕೆ ಬಂದು ನಿಂತವು. ಕೊನೆಯ ಚಿತ್ರವನ್ನು ಮಾತ್ರ ಕಂಡವನಿಗೆ ಅದು ಕಿಟಕಿಯ ಚೌಕಟ್ಟಿನಂತೆ ತೋರಬಹುದು. ಮೊದಲಿಂದ ನೋಡುತ್ತ ಬಂದವನಿಗೆ ಅದರೊಳಗೆ ಒಂದು ಮರದ ತೂಕವೂ ಸಮತೋಲವೂ ಕಾಣುತ್ತದೆ.

ಇದನ್ನು ನಾನು ಶಾಲೆಯಲ್ಲಿ ಪ್ರಯೋಗಿಸಿದ್ದೇನೆ. ಅಂಗಳದಾಚೆಯ ಗೇರುಮರವನ್ನು ಐದನೆಯ ತರಗತಿಯ ಮಕ್ಕಳು ಮೂರು ಸಲ ಬರೆಯಬೇಕು. ಮೊದಲ ಸಲ ಕಂಡಂತೆ. ಎರಡನೆಯ ಸಲ ಎಲೆಗಳನ್ನು ಬಿಟ್ಟು. ಮೂರನೆಯ ಸಲ, ಮರ ಯಾವ ಕಡೆಗೆ ಬಾಗುತ್ತದೆ, ಎಲ್ಲಿ ಭಾರ ಹೊರುತ್ತದೆ ಎಂಬುದನ್ನು ತೋರಿಸುವ ಗೆರೆಗಳು ಮಾತ್ರ. ಮೂರನ್ನೂ ಸಾಲಾಗಿ ಗೋಡೆಗೆ ಅಂಟಿಸಿದಾಗ ಯಾವ ಮಗುವೂ ಮೂರನೆಯದನ್ನು ನೋಡಿ ‘ಇದೇನು?’ ಎಂದು ಕೇಳಲಿಲ್ಲ. ಕೇಳಿದುದು ಒಬ್ಬಳ ತಂದೆ. ಮನೆಗೆ ಅವಳು ಒಯ್ದದ್ದು ಮೂರನೆಯ ಹಾಳೆಯನ್ನು ಮಾತ್ರ. ಮರುದಿನ ಅದನ್ನು ಹಿಡಿದು ಬಂದು, “ಮಾಷ್ಟ್ರೇ, ಇವಳಿಗೆ ಒಂದು ಮರ ಬರೆಯಲಿಕ್ಕೂ ಬರುವುದಿಲ್ಲವೇ?” ಎಂದರು. ಗೋಡೆಯ ಮುಂದೆ ನಿಲ್ಲಿಸಿ ಮೊದಲೆರಡನ್ನು ತೋರಿಸಿದೆ. ಅವರು ಬಹಳ ಹೊತ್ತು ಮೂರನೆಯದನ್ನೇ ನೋಡಿದರು. ಕೊನೆಗೆ ಮಗಳನ್ನು ಬೈಯದೆ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು. ಅಚ್ಚಿನ ಚಿತ್ರವನ್ನು ನಕಲು ಮಾಡಿದ ಮಗುವಿಗೆ ಪೂರ್ಣ ಅಂಕ, ತನಗೆ ತೋರಿದಂತೆ ಗೆರೆಯೆಳೆದ ಮಗುವಿಗೆ ಕೆಂಪು ಶಾಯಿಯ ಅಡ್ಡಗೀಟು ಎಂಬ ಪದ್ಧತಿ ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳ ಕೈ ಕಟ್ಟಿದೆಯೋ ಲೆಕ್ಕ ಇಟ್ಟವರಿಲ್ಲ.

ಮಾಂಡ್ರಿಯನ್ನನ ಬಗ್ಗೆ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಅಮೂರ್ತ ಕಲೆಯನ್ನು ಹಾಸ್ಯ ಮಾಡುವವರಿಗೆ ಅನ್ಯಾಯವಾದೀತು. 1941ರಲ್ಲಿ ಅವನು ಬಣ್ಣದ ಅಂಟುಪಟ್ಟಿಗಳಿಂದ ರಚಿಸಿದ ಕೃತಿಯೊಂದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ಸಂಗ್ರಹಾಲಯದಲ್ಲಿದೆ. ಅದು 1945ರ ಪ್ರದರ್ಶನದಿಂದಲೂ ತಲೆಕೆಳಗಾಗಿ ತೂಗುತ್ತಿದೆಯೆಂದು 2022ರಲ್ಲಿ ಅಲ್ಲಿಯ ಅಧಿಕಾರಿಣಿಯೊಬ್ಬರು ಕಂಡುಹಿಡಿದರು. ಈಗ ತಿರುಗಿಸಿದರೆ ಪಟ್ಟಿಗಳು ಕಳಚಿ ಬಿದ್ದಾವೆಂಬ ಭಯದಿಂದ ಹಾಗೆಯೇ ಬಿಡಲು ತೀರ್ಮಾನವಾಯಿತು. ಜಗತ್ತು ನಕ್ಕಿತು; ನಗಲು ಕಾರಣವೂ ಇತ್ತು. ಆದರೆ ಅದು ತಲೆಕೆಳಗೆಂದು ಹೇಗೆ ಗೊತ್ತಾಯಿತು? ಕಲಾವಿದನ ಕೋಣೆಯ ಹಳೆಯ ಛಾಯಾಚಿತ್ರವೊಂದರಲ್ಲಿ ಒತ್ತಾದ ಪಟ್ಟಿಗಳು ಮೇಲ್ಗಡೆ ಇವೆ. ಅಂದರೆ ಅವನಿಗೆ ಮೇಲು ಕೆಳಗಿನ ಅರಿವು ಖಚಿತವಾಗಿತ್ತು. ಎಪ್ಪತ್ತೇಳು ವರ್ಷ ಸರಿಯಾಗಿ ನೋಡದೆ ಇದ್ದವರು ಇತರರು.

ರಷ್ಯದ ಕಝಿಮಿರ್ ಮಲೇವಿಚ್‌ನದು ಇನ್ನೂ ಕಟುವಾದ ದಾರಿ. 1915ರ ಡಿಸೆಂಬರಿನಲ್ಲಿ ಪೆಟ್ರೋಗ್ರಾಡ್ ನಗರದಲ್ಲಿ ಅವನು ಪ್ರದರ್ಶಿಸಿದುದು ಬಿಳಿಯ ಮೇಲೆ ಒಂದು ಕಪ್ಪು ಚೌಕ. ಪಟದ ಅಳತೆ ಎಂಬತ್ತು ಸೆಂಟಿಮೀಟರಿಗೆ ತುಸು ಕಡಿಮೆ. ಅದನ್ನು ತೂಗುಹಾಕಿದುದು ಕೋಣೆಯ ಮೇಲ್ಮೂಲೆಯಲ್ಲಿ, ಎಂದರೆ ರಷ್ಯದ ಮನೆಗಳಲ್ಲಿ ದೇವರ ಪಟವನ್ನಿಡುವ ಜಾಗದಲ್ಲಿ. ಅಚ್ಚಿನಲ್ಲಿ ಮಾತ್ರ ಕಂಡ ನನಗೆ ಈ ಚಿತ್ರ ಇಂದಿಗೂ ಹಿಡಿಸಿಲ್ಲ. ಆದರೂ ಅದಕ್ಕೆ ತೆತ್ತ ಬೆಲೆಯನ್ನು ಗೌರವಿಸದಿರಲು ಆಗದು. ಸೋವಿಯತ್ ಸರಕಾರಕ್ಕೆ ಇಂತಹ ಕಲೆ ಬೇಡವಾಯಿತು. 1930ರಲ್ಲಿ ಅವನನ್ನು ಬಂಧಿಸಿ ವಿಚಾರಣೆಗೆ ಗುರಿಪಡಿಸಿದರು. 1935ರಲ್ಲಿ ಸತ್ತಾಗ ಶವಯಾತ್ರೆಯ ವಾಹನದ ಮುಂಭಾಗದಲ್ಲಿ ಗೆಳೆಯರು ಆ ಕಪ್ಪು ಚೌಕವನ್ನೇ ಕಟ್ಟಿದರು. ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದೊಡನೆ, ಕಾಂಡಿನ್‌ಸ್ಕಿ ಕಲಿಸುತ್ತಿದ್ದ ಬೌಹೌಸ್ ಕಲಾಶಾಲೆ 1933ರಲ್ಲಿ ಮುಚ್ಚಿತು. ಅವನು ಪ್ಯಾರಿಸಿಗೆ ಹೋದ. 1937ರಲ್ಲಿ ಮ್ಯೂನಿಕ್‌ನಲ್ಲಿ ‘ಅಧಃಪತಿತ ಕಲೆ’ ಎಂಬ ಹೆಸರಿನಿಂದ, ಜನರು ನೋಡಿ ಹಳಿಯಲೆಂದೇ ಏರ್ಪಡಿಸಿದ ಪ್ರದರ್ಶನದಲ್ಲಿ ಅವನ ಚಿತ್ರಗಳೂ ಇದ್ದುವು. ಏನನ್ನೂ ಹೇಳದ ಗೆರೆ ಬಣ್ಣಗಳಾಗಿದ್ದರೆ ಎರಡು ಪ್ರಬಲ ಸರಕಾರಗಳು ಅವಕ್ಕೆ ಇಷ್ಟು ಹೆದರಬೇಕಾಗಿತ್ತೇ?

‘ಮಗುವೂ ಗೀಚಿಯಾನು’ ಎಂಬ ಮಾತಿಗೆ ಈಗ ಬರೋಣ. ಅಮೆರಿಕದ ಬಾಸ್ಟನ್ ಕಾಲೇಜಿನ ಇಬ್ಬರು ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೆಸರಾಂತ ಅಮೂರ್ತ ಕಲಾವಿದರ ಚಿತ್ರ ಒಂದು ಕಡೆ, ಅದನ್ನು ಮೇಲ್ನೋಟಕ್ಕೆ ಹೋಲುವ ಮಗುವಿನ ಅಥವಾ ಪ್ರಾಣಿಯ ಗೀಚು ಇನ್ನೊಂದು ಕಡೆ. ಯಾವುದು ಮೇಲೆಂದು ವಿದ್ಯಾರ್ಥಿಗಳನ್ನು ಕೇಳಿದಾಗ, ಹತ್ತರಲ್ಲಿ ಸುಮಾರು ಆರೇಳು ಸಲ ಕಲಾವಿದನದನ್ನೇ ಆರಿಸಿದರು. ಕಲೆಯನ್ನು ಓದದವರೂ ಹಾಗೆಯೇ. ಉಳಿದ ಮೂರು ನಾಲ್ಕು ಸಲ ತಪ್ಪಿದರೆಂಬುದನ್ನೂ ಮರೆಯಬಾರದು. ಏನೇ ಆದರೂ, ಒಂದರ ಹಿಂದೆ ಯೋಚನೆಯಿದೆ, ಇನ್ನೊಂದರ ಹಿಂದೆ ಇಲ್ಲ ಎಂಬ ಸುಳಿವು ನಮ್ಮ ಕಣ್ಣಿಗೆ ಹೇಗೋ ಸಿಗುತ್ತದೆ.

ಹಾಗಾದರೆ ಸೊಗಸು ಎಲ್ಲಿದೆ? ಕಾಂಡಿನ್‌ಸ್ಕಿ ಇದಕ್ಕೆ ಸಂಗೀತದ ಕಡೆಗೆ ಕೈತೋರಿಸುತ್ತಿದ್ದ. ನಮಗೆ ಇದು ಅಪರಿಚಿತವಲ್ಲ. ರಾಗಾಲಾಪನೆಗೆ ಮಾತಿಲ್ಲ, ತೆಲುಗಿನ ಒಂದಕ್ಷರ ತಿಳಿಯದವರೂ ತ್ಯಾಗರಾಜರ ಕೃತಿಗೆ ತಲೆದೂಗುತ್ತಾರೆ. ಯಕ್ಷಗಾನದಲ್ಲಿ ಚಂಡೆಯ ಪೆಟ್ಟಿಗೆ ಮೈ ಜುಮ್ಮೆನ್ನುವಾಗ ಅದರ ಅರ್ಥವೇನೆಂದು ಕೇಳುವವರುಂಟೇ? ಬಣ್ಣದ ವೇಷದವನು ಅಕ್ಕಿಹಿಟ್ಟಿನ ಚುಟ್ಟಿಯನ್ನು ಸಾಲು ಸಾಲಾಗಿ ಇಡುತ್ತ ಬಂದಂತೆ ಅವನ ಮುಖ ಯಾವ ಮನುಷ್ಯನ ಮುಖವನ್ನೂ ಹೋಲದಾಗುತ್ತದೆ. ಆದರೂ ನಾವು ಬೆಚ್ಚುತ್ತೇವೆ. ಇವೆಲ್ಲ ಆಧುನಿಕರು ಹೇಳುವ ಅಮೂರ್ತ ಕಲೆಯೆಂದು ನಾನು ಹೇಳುತ್ತಿಲ್ಲ. ವೇಷಕ್ಕೆ ಕತೆಯ ಆಸರೆಯಿದೆ. ಹೋಲಿಕೆಯ ಹಂಗಿಲ್ಲದೆ ಬಣ್ಣವೂ ಲಯವೂ ನೇರವಾಗಿ ತಟ್ಟಬಲ್ಲವೆಂಬುದು ನಮಗೆ ಗೊತ್ತಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಭಾರತಕ್ಕೂ ಇದು ಬೇಗನೆ ಬಂದಿತು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಬೌಹೌಸ್ ಗುರುಗಳ ಕೃತಿಗಳ ಪ್ರದರ್ಶನ ನಡೆದು, ಕಾಂಡಿನ್‌ಸ್ಕಿಯ ಚಿತ್ರಗಳನ್ನು ನಮ್ಮವರು ಕಂಡರು. ಮುಂದೆ ಇಲ್ಲಿ ಹುಟ್ಟಿದ ಅಮೂರ್ತ ಚಿತ್ರಗಾರರಲ್ಲಿ ಗೋವೆ ಮೂಲದ ವಾಸುದೇವ ಗಾಯತೊಂಡೆ ದೊಡ್ಡವರು. 1924ರಲ್ಲಿ ನಾಗಪುರದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, 2001ರಲ್ಲಿ ತೀರಿಕೊಂಡ ಅವರು ವರ್ಷಕ್ಕೆ ಬರೆಯುತ್ತಿದ್ದುದು ಕೆಲವೇ ಚಿತ್ರಗಳು. ಬಣ್ಣವನ್ನು ಪದರ ಪದರವಾಗಿ ಹಚ್ಚಿ, ಕೆರೆದು, ಮತ್ತೆ ಹಚ್ಚಿದ ಆ ಪಟಗಳನ್ನು ನೋಡುವಾಗ ತಿಳಿನೀರಿನ ತಳವನ್ನು ನೋಡುವಂತಾಗುತ್ತದೆ. ಇನ್ನೊಬ್ಬರು ಸಯ್ಯದ್ ಹೈದರ್ ರಝಾ. 1922ರಲ್ಲಿ ಈಗಿನ ಮಧ್ಯಪ್ರದೇಶದ ಕಾಡಿನ ಹಳ್ಳಿಯೊಂದರಲ್ಲಿ ಹುಟ್ಟಿದ ಈ ಹುಡುಗನ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ಶಾಲೆಯ ಗುರುಗಳು ಗೋಡೆಯ ಮೇಲೆ ಒಂದು ಬಿಂದುವನ್ನು ಬರೆದು, ಉಳಿದುದನ್ನೆಲ್ಲ ಬಿಟ್ಟು ಇದನ್ನೇ ನೋಡುತ್ತಿರು ಎಂದು ಕುಳ್ಳಿರಿಸಿದರಂತೆ. 1950ರಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿಯೇ ನೆಲೆಸಿ ಹೆಸರು ಮಾಡಿದ ರಝಾ, ಐವತ್ತು ದಾಟಿದ ಮೇಲೆ ಬರೆಯತೊಡಗಿದ ದೊಡ್ಡ ಕಪ್ಪು ಬಿಂದು ಅದೇ. 2010ರಲ್ಲಿ ಸ್ವದೇಶಕ್ಕೆ ಮರಳಿ, 2016ರಲ್ಲಿ ದಿಲ್ಲಿಯಲ್ಲಿ ತೀರಿಕೊಂಡ ಅವರನ್ನು ಬಾಲ್ಯದ ಊರ ಕಡೆಯ ಮಂಡಲಾದಲ್ಲಿ ಮಣ್ಣು ಮಾಡಿದರು.

ಬೆಂಗಳೂರಿಗೆ ಹೋಗುವ ಸಂದರ್ಭವಿದ್ದವರು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಬಹುದು. ಚಿತ್ರದ ಕೆಳಗಿನ ಚೀಟಿಯನ್ನು ಮೊದಲು ಓದಬೇಡಿ. ನಾಲ್ಕು ಹೆಜ್ಜೆ ದೂರದಿಂದೊಮ್ಮೆ, ಹತ್ತಿರದಿಂದೊಮ್ಮೆ ನೋಡಿ. ಕಣ್ಣು ಎಲ್ಲಿಗೆ ಮೊದಲು ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಕ್ಕಳಿಂದಲೇ ಹೇಳಿಸಿ. ಇಡೀ ಕಟ್ಟಡವನ್ನು ಒಂದೇ ದಿನ ಸುತ್ತಿ ಮುಗಿಸುವ ಆತುರ ಬೇಡ. ಮೂರು ಚಿತ್ರ ನೋಡಿದರೆ ಸಾಕು.