ದಿನಗಳು ಮುಗಿದ ಮೇಲೆ

ಹರಪನಹಳ್ಳಿ ಸೀಮೆಯ ಹಲವಾಗಲಿನಂತಹ ಊರುಗಳಲ್ಲಿ ಮನೆಯೊಂದರಲ್ಲಿ ಸಾವು ಸಂಭವಿಸಿತೆಂದರೆ ದುಃಖವು ಆ ಮನೆಯೊಂದರದೇ ಆಗಿ ಉಳಿಯುವುದಿಲ್ಲ. ರಾತ್ರಿಯಿಡೀ ಭಜನೆ ನಡೆಯುತ್ತದೆ, ಬಂಧುಗಳು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಹೆಂಗಸರು ಹೋದವರನ್ನೇ ಎದುರಿಗಿರಿಸಿಕೊಂಡಂತೆ ಮಾತಾಡಿಸುತ್ತ ಹಾಡಿಕೊಂಡು ಅಳುತ್ತಾರೆ. ದಿನಗಳು ಮುಗಿದೊಡನೆ ಬಂದವರು ತಂತಮ್ಮ ಹೊಲಮನೆಗಳಿಗೆ ಮರಳುತ್ತಾರೆ. ಅನಂತರದ ಮೌನದಲ್ಲಿ ಒಬ್ಬರು ಕೆಲವೇ ತಿಂಗಳಲ್ಲಿ ಎತ್ತು ಹೂಡುತ್ತಾರೆ. ಮತ್ತೊಬ್ಬರು ವರ್ಷ ಕಳೆದರೂ ಬಾಗಿಲು ಸದ್ದಾದಾಗಲೆಲ್ಲ ಹೋದವರೇ ಬಂದರೆಂದು ತಿರುಗಿ ನೋಡುತ್ತಾರೆ. ಇವರ ಪ್ರೀತಿ ಹೆಚ್ಚಿನದು, ಅವರದು ಕಡಿಮೆಯದು ಎಂದು ನಾವು ತೂಗಿಬಿಡುತ್ತೇವೆ. ಆ ತೂಕ ನ್ಯಾಯವಾದುದಲ್ಲ; ಈ ಭೇದದ ಬೇರು ಬೇರೆಡೆ ಇರಬಹುದು.

ಇಂಗ್ಲೆಂಡಿನ ಮನೋವೈದ್ಯರಾದ ಜಾನ್ ಬೌಲ್ಬಿ ಅವರು 1969ರಿಂದ 1980ರವರೆಗೆ ಹೊರತಂದ ಮೂರು ಸಂಪುಟಗಳಲ್ಲಿ, ತಾಯಿಯನ್ನು ಅಗಲಿದ ಶಿಶುವಿನ ಅಳು, ಹುಡುಕಾಟ, ಹತಾಶೆಗಳಿಗೂ ಆಪ್ತರನ್ನು ಕಳೆದುಕೊಂಡ ವಯಸ್ಕರ ಶೋಕಕ್ಕೂ ಬೇರು ಒಂದೇ, ಅದು ಆಪ್ತರೊಡನೆ ಬೆಸೆದ ಅಂಟು ಎಂದು ಪ್ರತಿಪಾದಿಸಿದರು. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ ಶಿಶುಗಳನ್ನು ಸಮೀಪದಿಂದ ಗಮನಿಸಿ ಈ ಅಂಟಿನ ಬಗೆಗಳನ್ನು ಗುರುತಿಸಿದರು: ಕರೆದರೆ ತಾಯಿ ಬಂದೇ ಬರುವಳೆಂಬ ಭರವಸೆಯದು ಒಂದು, ಬರುವಳೋ ಬಾರಳೋ ಎಂಬ ಕಳವಳದಲ್ಲಿ ಸೆರಗನ್ನೇ ಬಿಡದುದು ಇನ್ನೊಂದು, ಕರೆದು ಫಲವಿಲ್ಲವೆಂದು ಕರೆಯುವುದನ್ನೇ ತೊರೆದುದು ಮತ್ತೊಂದು. ವಯಸ್ಕರ ದಾಂಪತ್ಯ, ಸ್ನೇಹಗಳಲ್ಲಿಯೂ ಇವುಗಳ ಛಾಯೆ ಉಂಟೆಂಬ ವಿಚಾರವನ್ನು 1987ರಲ್ಲಿ ಮನಶ್ಶಾಸ್ತ್ರಜ್ಞರಾದ ಹೇಝನ್ ಮತ್ತು ಶೇವರ್ ಮುಂದಿಟ್ಟರು.

ಶೋಕವು ಸ್ವತಃ ರೋಗವಲ್ಲ. ಆದರೆ ಮೃತರಿಗಾಗಿ ಪಡುವ ತೀವ್ರ ಹಂಬಲವು ಕನಿಷ್ಠ 6 ತಿಂಗಳು ಕಳೆದರೂ, ಸಮಾಜದ ರೂಢಿಯನ್ನೂ ಮೀರಿ, ನಿತ್ಯಜೀವನವನ್ನೇ ಸ್ತಬ್ಧಗೊಳಿಸಿದರೆ ಅದನ್ನು ದೀರ್ಘಶೋಕವೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಅಮೆರಿಕದ ಮನೋವೈದ್ಯರು 2022ರಲ್ಲಿ ವಯಸ್ಕರಿಗೆ 12 ತಿಂಗಳ ಗಡುವನ್ನಿಟ್ಟರು. ಕಳವಳದ ಅಂಟುಳ್ಳವರಲ್ಲಿ ಇಂತಹ ಶೋಕ ಹೆಚ್ಚಾಗಿ ಕಾಣುವುದೆಂದು ಅನೇಕ ಅಧ್ಯಯನಗಳು ಹೇಳಿವೆ. ದೂರ ಸರಿಯುವ ಸ್ವಭಾವದವರ ವಿಷಯದಲ್ಲಿ ಫಲಿತಾಂಶಗಳು ಒಮ್ಮತವಾಗಿಲ್ಲ, ಅಳದವರೆಲ್ಲ ನೋಯದವರಲ್ಲ. ಅಂಟಿನ ಬಗೆಯೇ ಹಣೆಬರಹವೂ ಅಲ್ಲ: ಸಾವು ಹಠಾತ್ತಾಗಿ ಬಂದಿತೇ, ಹೋದುದು ಮಗುವೇ, ಉಳಿದವರ ಬಳಿ ಯಾರಿದ್ದಾರೆ ಎಂಬುವೂ ಅಷ್ಟೇ ಮುಖ್ಯ.

ನೆನಪು ದೀರ್ಘವಾದುದಷ್ಟಕ್ಕೇ ಬೆದರಬೇಕಾಗಿಲ್ಲ. 1924ರಲ್ಲಿ ಪತ್ನಿ ಭಾಗೀರಥಮ್ಮನವರನ್ನು ಕಳೆದುಕೊಂಡ ಕವಿ ಡಿ.ವಿ.ಜಿ.ಯವರು ಮರುಮದುವೆಯಾಗದೆ ಅರ್ಧ ಶತಮಾನ ಬಾಳಿದರು. ಆ ಅವಧಿಯಲ್ಲಿಯೇ ‘ಮಂಕುತಿಮ್ಮನ ಕಗ್ಗ’ ಹುಟ್ಟಿತು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ಥಾಪಿತವಾಯಿತು. ಅವರ ಅಂತರಂಗವನ್ನು ಅಳೆಯುವ ಅಧಿಕಾರ ನಮಗಿಲ್ಲ. ಬಾಳು ನಿಲ್ಲಲಿಲ್ಲವೆಂಬುದಷ್ಟು ಕಣ್ಣಿಗೆ ಕಾಣುತ್ತದೆ. ಮಹಾಲಯ ಅಮಾವಾಸ್ಯೆಯಂದು ಹೋದವರಿಗೆ ಪ್ರಿಯವಾದ ಅಡಿಗೆಯನ್ನು ಎಡೆಯಿಡುವ ಮನೆಗಳೂ ನಂಟನ್ನು ಕಡಿದುಕೊಳ್ಳುವುದಿಲ್ಲ. ಅದಕ್ಕೊಂದು ದಿನವನ್ನೂ ಒಂದು ಬಾಳೆಯೆಲೆಯನ್ನೂ ಗೊತ್ತುಮಾಡುತ್ತವೆ.

ಬಾಳು ನಿಂತೇಹೋದವರಿಗೆ ಚಿಕಿತ್ಸೆಯುಂಟು. ಮಾನಸಿಕ ಆರೋಗ್ಯದ ಸಹಾಯವಾಣಿ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ನೆರವು ಕೇಳಬಹುದು. ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ರೂಪಿಸಿದ ಚಿಕಿತ್ಸಾ ವಿಧಾನದಲ್ಲಿ ಶೋಕತಪ್ತನು ಸಾವಿನ ವೇಳೆಯನ್ನು ಮತ್ತೆ ಮತ್ತೆ ಬಾಯಿಬಿಟ್ಟು ಹೇಳುತ್ತಾನೆ, ಮೃತರು ಎದುರಿಗಿರುವರೆಂದೇ ಭಾವಿಸಿ ಅವರೊಡನೆ ಮಾತಾಡುತ್ತಾನೆ. ಇದನ್ನು ಓದಿದಾಗ ನನಗೆ ಹಾಡಿಕೊಂಡು ಅಳುವ ನಮ್ಮ ಹೆಂಗಸರ ನೆನಪಾಯಿತು. ಅವರ ಹಾಡು ಮೊದಲ ದಿನಗಳದು, ಅಂಗಳದಲ್ಲಿ ಜನ ತುಂಬಿರುವಾಗಿನದು. ಚಿಕಿತ್ಸಕರು ಕೇಳಿಸಿಕೊಳ್ಳುವುದು ಅಂಗಳ ಬರಿದಾಗಿ ಎಷ್ಟೋ ತಿಂಗಳಾದ ಮೇಲೆ.