ಮೀಟರ್ ಬರುವ ಮೊದಲು ಸ್ವಿಚ್ ಹಾಕಬೇಡಿ

ಮಾಡಿನ ಮೇಲೆ ಸೋಲಾರ್ ಫಲಕ ಕೂಡಿಸಲು ಕೆಲವೇ ದಿನ ಸಾಕು. ಚಾಲನೆಗೆ ವಿದ್ಯುತ್ ಕಂಪನಿಯ ಒಪ್ಪಿಗೆ ಬರಲು ವಾರಗಳೇ ಹಿಡಿಯುವುದುಂಟು. ಬೆಂಗಳೂರಿನ ಅಲ್ಲಾಳಸಂದ್ರದಲ್ಲಿ ಮಕ್ಕಳ ಮನೆಯಿರುವ ಸದಸ್ಯರೂ, ಊರಿನಲ್ಲೇ ಫಲಕ ಹಾಕಿಸಿದವರೂ ನಮ್ಮನ್ನು ಕೇಳುವುದು ಒಂದೇ: “ಬಿಸಿಲು ದಂಡವಾಗುತ್ತಿದೆ, ಸ್ವಿಚ್ ಹಾಕಿಬಿಡಬಹುದೇ?” ಕೂಡದು ಎಂಬುದೇ ನಮ್ಮ ಉತ್ತರ.

ಕಾರಣ ಎರಡು. ಮೊದಲನೆಯದು ಜೀವದ ಪ್ರಶ್ನೆ. ಲೈನಿನಲ್ಲಿ ಕರೆಂಟು ಹೋದೊಡನೆ ಇನ್ವರ್ಟರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ, ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯಿಂದಲೇ ಅಪಾಯ. ಇದನ್ನೂ ಅರ್ತಿಂಗನ್ನೂ ಸರಿಯಾಗಿದೆಯೆಂದು ನೋಡಿಯೇ ಚಾಲನೆ ಕೊಡಬೇಕು. ಎರಡನೆಯದು ಹಣದ ಪ್ರಶ್ನೆ. ಬರುವ, ಹೋಗುವ ವಿದ್ಯುತ್ತನ್ನು ಬೇರೆ ಬೇರೆ ಅಳೆಯುವ ಮೀಟರ್ ಕೂರುವತನಕ ನಾವು ಕೊಟ್ಟ ಯೂನಿಟ್ಟಿಗೆ ಲೆಕ್ಕವಿಲ್ಲ. ಕೆಲವು ಹಳೆಯ ಎಲೆಕ್ಟ್ರಾನಿಕ್ ಮೀಟರುಗಳು ಅದನ್ನೂ ನಮ್ಮ ಬಳಕೆಯೆಂದೇ ಬಿಲ್ಲಿಗೆ ಸೇರಿಸುತ್ತವೆ.

ಹಾಗೆಂದು ಸುಮ್ಮನೆ ಕಾಯಬೇಕಾಗಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ತಿದ್ದುಪಡಿ ಮಾಡಿದ ವಿದ್ಯುತ್ ಬಳಕೆದಾರರ ಹಕ್ಕುಗಳ ನಿಯಮದಂತೆ, 10 ಕಿಲೋವ್ಯಾಟ್‌ವರೆಗಿನ ಪೂರ್ಣ ಅರ್ಜಿಯನ್ನು ತಾಂತ್ರಿಕ ಪರಿಶೀಲನೆಯಿಲ್ಲದೆ ಒಪ್ಪಿದಂತೆಯೇ ಭಾವಿಸಬೇಕು. ಫಲಕ ಕೂಡಿಸಿದ ಪ್ರಮಾಣಪತ್ರ ಸಲ್ಲಿಸಿದ 15 ದಿನದೊಳಗೆ ಒಪ್ಪಂದ, ಮೀಟರ್, ಚಾಲನೆ ಮೂರೂ ಮುಗಿಯಬೇಕು. ಬೆಂಗಳೂರಿನ ಬೆಸ್ಕಾಂ ಇರಲಿ, ಚಿಕ್ಕಮಗಳೂರು, ಶಿವಮೊಗ್ಗಗಳ ಮೆಸ್ಕಾಂ ಇರಲಿ, ಈ ಗಡುವು ಒಂದೇ.

ಆದುದರಿಂದ ಸದಸ್ಯರು ದಿನಾಂಕವುಳ್ಳ ಸ್ವೀಕೃತಿಯನ್ನು ಜೋಪಾನವಾಗಿಡಬೇಕು. 15 ದಿನ ಕಳೆದರೆ ಅದರ ಪ್ರತಿಯೊಡನೆ ಉಪವಿಭಾಗದ ಕಚೇರಿಗೆ ಲಿಖಿತ ದೂರು ಕೊಡಬೇಕು. ಗುತ್ತಿಗೆದಾರರಿಗೆ ಕೊನೆಯ ಕಂತನ್ನು ಮೀಟರ್ ಕೂತ ಮೇಲೆಯೇ ಕೊಡುವಂತೆ ಮೊದಲೇ ಕರಾರು ಬರೆಸಿಕೊಳ್ಳಿ. ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ನಿಗದಿಯಾದ 78,000 ರೂಪಾಯಿ ಸಹಾಯಧನವೂ ಚಾಲನೆಯಾದ ನಂತರವೇ ಖಾತೆಗೆ ಬರುವುದು.